ಕೆಡಿಸಿ ಕಲಿಯುವ ವಿದ್ಯೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಹೈಮ್ ಎಂಬ ಊರಿನ ಹೆಸರು ಹೇಳಿದರೆ ಮಕ್ಕಳಿಗೆ ನೆನಪಾಗುವುದು ಡಿಸ್ನಿಲ್ಯಾಂಡ್. 1955ರಲ್ಲಿ ಆ ವಿನೋದ ನಗರಿ ತಲೆಯೆತ್ತುವ ಮೊದಲು ಅಲ್ಲಿದ್ದದ್ದು ಕಿತ್ತಳೆ ತೋಟಗಳು. ಕಿತ್ತಳೆಗೂ ಮೊದಲು ಆ ಊರು ಬದುಕಿದ್ದು ದ್ರಾಕ್ಷಿಯಿಂದ. 1857ರಲ್ಲಿ ಜರ್ಮನ್ ವಲಸಿಗರು ಒಟ್ಟುಗೂಡಿ ಕಟ್ಟಿದ ಊರು ಅದು. ದ್ರಾಕ್ಷಿ ಬೆಳೆದು ವೈನ್ ತಯಾರಿಸುವುದು ಅವರ ಕಸುಬು. ಮೂರು ದಶಕ ಕಳೆಯುವಷ್ಟರಲ್ಲಿ ಆ ತೋಟಗಳು ಹೇಳಹೆಸರಿಲ್ಲದಂತೆ ಆದವು.

1880ರ ದಶಕದ ನಡುಭಾಗದಲ್ಲಿ ಬಳ್ಳಿಗಳ ಎಲೆಯ ಅಂಚು ಬೆಂಕಿ ತಗುಲಿದಂತೆ ಸುಡತೊಡಗಿತು. ಒಣಗಿದ ಎಲೆ ಉದುರಿದರೂ ಅದರ ತೊಟ್ಟು ಮಾತ್ರ ಬೆಂಕಿಕಡ್ಡಿಯಂತೆ ಕೊಂಬೆಗೆ ಅಂಟಿಕೊಂಡೇ ಇರುತ್ತಿತ್ತು. ಕಾಯಿಗಳು ಹಣ್ಣಾಗುವ ಮೊದಲೇ ಮುರುಟಿದವು. ಕೆಲವೇ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸುಮಾರು 40,000 ಎಕರೆ ದ್ರಾಕ್ಷಿ ನಾಶವಾಯಿತು. ನೀರು ಕಡಿಮೆಯಾಯಿತೆಂದು ಕೆಲವರು, ಹೆಚ್ಚಾಯಿತೆಂದು ಕೆಲವರು, ಮಣ್ಣು ಸತ್ತಿತೆಂದು ಮತ್ತೆ ಕೆಲವರು. ಕಾರಣ ಯಾರಿಗೂ ತಿಳಿಯಲಿಲ್ಲ.

1889ರಲ್ಲಿ ಅಮೆರಿಕದ ಕೃಷಿ ಇಲಾಖೆ ನ್ಯೂಟನ್ ಪಿಯರ್ಸ್ ಎಂಬ ತರುಣ ವಿಜ್ಞಾನಿಯನ್ನು ಅಲ್ಲಿಗೆ ಕಳುಹಿಸಿತು. ಅವರು ತೋಟ ತೋಟ ಅಲೆದು, ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುತ್ತ, 1892ರಲ್ಲಿ ದೀರ್ಘ ವರದಿ ಬರೆದರು. ಇದು ಯಾವುದೋ ಸೂಕ್ಷ್ಮಜೀವಿಯ ಕೆಲಸವಿರಬೇಕೆಂಬ ಅನುಮಾನ ಅವರಿಗಿತ್ತು. ಆದರೆ ಆ ಜೀವಿಯನ್ನು ಹಿಡಿದು ತೋರಿಸಲು ಅವರಿಗೆ ಸಾಧ್ಯವಾಗಲಿಲ್ಲ. ಮುಂದೆ ಆ ರೋಗಕ್ಕೆ ಅವರ ಹೆಸರೇ ನಿಂತಿತು: ಪಿಯರ್ಸ್ ರೋಗ.

ತೊಂಬತ್ತು ವರ್ಷಗಳ ಕಣ್ಣುಮುಚ್ಚಾಲೆ

1930 ಮತ್ತು 40ರ ದಶಕಗಳಲ್ಲಿ ಹ್ಯೂವಿಟ್ ಮತ್ತು ಸಂಗಡಿಗರು ಒಂದು ಮುಖ್ಯ ಸಂಗತಿ ಕಂಡುಕೊಂಡರು. ರೋಗ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವುದು ರಸ ಹೀರುವ ಜಿಗಿಹುಳುಗಳ ಮೂಲಕ. ರೋಗಾಣು ಮಾತ್ರ ಕಣ್ಣಿಗೆ ಬೀಳಲಿಲ್ಲ, ಯಾವ ಗಾಜಿನ ತಟ್ಟೆಯಲ್ಲೂ ಬೆಳೆಯಲಿಲ್ಲ. ಹಾಗಾದರೆ ಅದು ವೈರಸ್ಸೇ ಇರಬೇಕು ಎಂದು ಎಲ್ಲರೂ ನಂಬಿದರು. ಆ ನಂಬಿಕೆ ಸುಮಾರು ಮೂವತ್ತು ವರ್ಷ ನಡೆಯಿತು.

1971ರಲ್ಲಿ ಒಂದು ಸುಳಿವು ಸಿಕ್ಕಿತು. ರೋಗ ತಗುಲಿದ ಬಳ್ಳಿಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟಾಗ ರೋಗಲಕ್ಷಣ ತಗ್ಗಿತು. ಈ ಔಷಧ ವೈರಸ್ಸನ್ನು ಏನೂ ಮಾಡದು. ಅದರ ಏಟು ಬ್ಯಾಕ್ಟೀರಿಯಾಕ್ಕೆ. 1973ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಳ್ಳಿಯ ಕ್ಸೈಲಂ ಕೊಳವೆಗಳಲ್ಲಿ, ಅಂದರೆ ಬೇರಿನಿಂದ ಎಲೆಗೆ ನೀರು ಸಾಗಿಸುವ ನಾಳಗಳಲ್ಲಿ, ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾಗಳು ಕಿಕ್ಕಿರಿದಿದ್ದವು. 1978ರಲ್ಲಿ ಡೇವಿಸ್, ಪರ್ಸೆಲ್ ಮತ್ತು ಥಾಮ್ಸನ್ ಅದಕ್ಕೆ ಒಗ್ಗುವ ಆಹಾರ ಕಂಡುಹಿಡಿದು ತಟ್ಟೆಯಲ್ಲಿ ಬೆಳೆಸಿದರು. ಹಾಗೆ ಬೆಳೆದದ್ದನ್ನು ಆರೋಗ್ಯವಂತ ಬಳ್ಳಿಗೆ ಚುಚ್ಚಿ ಅದೇ ರೋಗ ಬರಿಸಿಯೂ ತೋರಿಸಿದರು. ಅನಹೈಮ್‌ನ ತೋಟಗಳು ಒಣಗಿ ಆಗಲೇ ತೊಂಬತ್ತು ವರ್ಷ ಕಳೆದಿತ್ತು!

1987ರಲ್ಲಿ ಅದಕ್ಕೆ ನಾಮಕರಣವಾಯಿತು: ಕ್ಸೈಲೆಲ್ಲಾ ಫಾಸ್ಟಿಡಿಯೋಸಾ. ಮೊದಲ ಪದ ಅದರ ಮನೆಯನ್ನು, ಎರಡನೆಯದು ಅದರ ಸ್ವಭಾವವನ್ನು ಹೇಳುತ್ತದೆ. ಫಾಸ್ಟಿಡಿಯೋಸಾ ಎಂದರೆ ‘ಊಟದ ವಿಷಯದಲ್ಲಿ ಬಹಳ ನಾಜೂಕಿನದು’. ಇಟ್ಟದ್ದನ್ನೆಲ್ಲ ತಿನ್ನದ ಮಕ್ಕಳಿರುವ ಮನೆಯವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗಾಜು ರೆಕ್ಕೆಯ ಅತಿಥಿ

ಹೆಸರು ಸಿಕ್ಕಿದ ಮಾತ್ರಕ್ಕೆ ರೋಗ ಹೋಗಲಿಲ್ಲ. 1990ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಹೊಸ ಅತಿಥಿಯೊಂದು ಬಂದಿಳಿಯಿತು. ಅಮೆರಿಕದ ಆಗ್ನೇಯ ಭಾಗದ ಮೂಲನಿವಾಸಿಯಾದ ಗಾಜು ರೆಕ್ಕೆಯ ಜಿಗಿಹುಳು ಅದು. ಸ್ಥಳೀಯ ಜಿಗಿಹುಳುಗಳಿಗಿಂತ ಗಾತ್ರದಲ್ಲಿ ದೊಡ್ಡದು, ಹೆಚ್ಚು ದೂರ ಹಾರಬಲ್ಲದು, ಎಳೆಯ ಚಿಗುರಷ್ಟೇ ಅಲ್ಲದೆ ಬಲಿತ ಕಾಂಡದಿಂದಲೂ ರಸ ಹೀರಬಲ್ಲದು. ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ವಾಹನ ಬೇಕೇ? 1999ರಲ್ಲಿ ಟೆಮೆಕ್ಯುಲಾ ಕಣಿವೆಯಲ್ಲಿ ನೂರಾರು ಎಕರೆ ದ್ರಾಕ್ಷಿ ಕಣ್ಣೆದುರೇ ಒಣಗಿತು. ಅನಹೈಮ್‌ನ ಕತೆ ಮರುಕಳಿಸುವ ಭೀತಿ ಇಡೀ ರಾಜ್ಯವನ್ನು ಆವರಿಸಿತು.

ಆಗ ಬೆಳೆಗಾರರು ಸರಕಾರದ ನೆರವಿಗಷ್ಟೇ ಕಾದು ಕೂರಲಿಲ್ಲ. ವೈನ್ ದ್ರಾಕ್ಷಿಯ ಪ್ರತಿ ಸಾವಿರ ಡಾಲರ್ ಬೆಳೆಗೆ ಗರಿಷ್ಠ 3 ಡಾಲರ್‌ನಂತೆ ತಮ್ಮ ಮೇಲೆ ವಂತಿಗೆ ಹಾಕುವ ಕಾಯಿದೆ 2001ರಲ್ಲಿ ಜಾರಿಗೆ ಬಂದಿತು. ಆ ಹಣ ಸಂಶೋಧನೆಗೆ ಮೀಸಲು. ಅದರ ಒಂದು ಪಾಲು ಹೋದದ್ದು ವಿಚಿತ್ರವೆನಿಸುವ ಕೆಲಸಕ್ಕೆ. ಅದರಿಂದ ಸಿಂಪಡಿಸುವ ಔಷಧ ಬರಲಿಲ್ಲ, ಹುಳು ಹಿಡಿಯುವ ಬಲೆಯೂ ಬರಲಿಲ್ಲ. ಬ್ಯಾಕ್ಟೀರಿಯಾದ ಒಂದೊಂದೇ ವಂಶವಾಹಿಯನ್ನು ಬೇಕೆಂದೇ ಕೆಡಿಸುವ ಉಪಕರಣಗಳನ್ನು ತಯಾರಿಸುವುದಕ್ಕೆ ಆ ಹಣ ಸಂದಿತು.

ಬಳ್ಳಿ ಒಣಗುತ್ತಿರುವಾಗ ಇದೇಕೆ ಎಂದು ರೈತ ಕೇಳಿದರೆ ತಪ್ಪಲ್ಲ. ಉತ್ತರ ಸಿಗಬೇಕಾದರೆ ನಮ್ಮ ಮನೆಯ ಫ್ಯೂಸ್ ಪೆಟ್ಟಿಗೆಯ ಮುಂದೆ ನಿಲ್ಲಬೇಕು.

ಫ್ಯೂಸ್ ಪೆಟ್ಟಿಗೆಯ ಪಾಠ

ಹಳೆಯ ಮನೆಯೊಂದಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದೀರಿ ಎಂದುಕೊಳ್ಳಿ. ಗೋಡೆಯ ಮೇಲೆ ಹತ್ತು ಫ್ಯೂಸ್‌ಗಳ ಪೆಟ್ಟಿಗೆ ಇದೆ. ಯಾವುದರ ಮೇಲೂ ಚೀಟಿ ಇಲ್ಲ. ಅಡಿಗೆಮನೆಯ ದೀಪಕ್ಕೆ ಯಾವುದು, ನೀರೆತ್ತುವ ಪಂಪಿಗೆ ಯಾವುದು ಎಂದು ತಿಳಿಯುವುದು ಹೇಗೆ? ಸುಲಭ. ಒಂದು ಫ್ಯೂಸ್ ಕಿತ್ತು ಮನೆಯೆಲ್ಲ ಸುತ್ತಿ ಬರುವುದು. ಅಡಿಗೆಮನೆ ಕತ್ತಲಾಗಿದ್ದರೆ ಆ ಫ್ಯೂಸ್ ಅಡಿಗೆಮನೆಯದು. ಖಾತ್ರಿಯಾಗಬೇಕೆಂದರೆ ಅದೇ ಫ್ಯೂಸನ್ನು ಮತ್ತೆ ಹಾಕಿ ನೋಡಬೇಕು. ದೀಪ ಮರಳಿ ಬಂದರೆ ಅನುಮಾನ ತೀರಿತು. ಬರದಿದ್ದರೆ ದೀಪ ಆರಿದ್ದಕ್ಕೆ ಬೇರೆಯೇ ಕಾರಣ, ಬಲ್ಬೇ ಸುಟ್ಟಿರಬಹುದು!

ಜೀವಿಯ ವಂಶವಾಹಿಗಳೂ ಹೀಗೆಯೇ. ಒಂದು ವಂಶವಾಹಿಯ ಕೆಲಸವೇನೆಂದು ತಿಳಿಯಬೇಕಾದರೆ ಅದೊಂದನ್ನು ಕೆಡಿಸಿ, ಏನು ನಿಲ್ಲುತ್ತದೆ ಎಂದು ನೋಡಬೇಕು. ಮತ್ತೆ ಸೇರಿಸಿ, ನಿಂತದ್ದು ನಡೆಯುತ್ತದೆಯೇ ಎಂದೂ ನೋಡಬೇಕು. ತಳಿವಿಜ್ಞಾನದ ಅರ್ಧಕ್ಕರ್ಧ ಕೆಲಸ ಇಷ್ಟೇ.

ಆದರೆ ಮೊದಲು ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಎಷ್ಟು ಫ್ಯೂಸ್‌ಗಳಿವೆ ಎಂದು ತಿಳಿಯಬೇಕಲ್ಲ? ಆ ಕೆಲಸಕ್ಕೆ ಮುಂದಾದದ್ದು ಬ್ರೆಜಿಲ್. ಅಲ್ಲಿನ ಸಾವೊ ಪಾವ್ಲೊ ರಾಜ್ಯದ ಕಿತ್ತಳೆ ತೋಟಗಳಲ್ಲಿ 1987ರಲ್ಲಿ ಹೊಸ ರೋಗ ಕಾಣಿಸಿಕೊಂಡಿತ್ತು. ಕಾರಣ, ಇದೇ ಕ್ಸೈಲೆಲ್ಲಾದ ಇನ್ನೊಂದು ತಳಿ. ರಾಜ್ಯದ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಕೆಲಸವನ್ನು ಹಂಚಿಕೊಂಡು ಆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿದವು. ಸುಮಾರು 27 ಲಕ್ಷ ಅಕ್ಷರಗಳು! 2000ದ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸಸ್ಯರೋಗ ತರುವ ಬ್ಯಾಕ್ಟೀರಿಯಾ ಒಂದರ ಸಂಪೂರ್ಣ ಡಿಎನ್‌ಎ ಓದಿದ್ದು ಜಗತ್ತಿನಲ್ಲಿ ಅದೇ ಮೊದಲು. ಅದು ಆದದ್ದು ಸಿರಿವಂತ ದೇಶವೊಂದರಲ್ಲಲ್ಲ, ಬ್ರೆಜಿಲ್‌ನಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. 2003ರಲ್ಲಿ ದ್ರಾಕ್ಷಿಯ ತಳಿಯ ಸರದಿ. ಅದನ್ನು ಹಿಡಿದದ್ದು ಟೆಮೆಕ್ಯುಲಾದಲ್ಲಿ. ಹಾಗಾಗಿ ‘ಟೆಮೆಕ್ಯುಲಾ 1’ ಎಂದೇ ಅದರ ಹೆಸರು. ಅದರಲ್ಲಿ ಸುಮಾರು 25 ಲಕ್ಷ ಅಕ್ಷರಗಳು, ಎರಡು ಸಾವಿರಕ್ಕೂ ಹೆಚ್ಚು ವಂಶವಾಹಿಗಳು.

ಓದಿದಾಗ ಅಚ್ಚರಿಯೂ ಕಾದಿತ್ತು. ಸಸ್ಯಗಳಿಗೆ ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳಲ್ಲಿ ಗಿಡದ ಜೀವಕೋಶಕ್ಕೆ ತಮ್ಮ ಪ್ರೋಟೀನುಗಳನ್ನು ಚುಚ್ಚುವ ಸೂಜಿಯಂಥ ಏರ್ಪಾಡು ಇರುತ್ತದೆ. ಕ್ಸೈಲೆಲ್ಲಾದಲ್ಲಿ ಅದಿಲ್ಲ. ಸೂಜಿಯೇ ಇಲ್ಲದೆ ಇದು ಬಳ್ಳಿಯನ್ನು ಕೊಲ್ಲುವುದು ಹೇಗೆ? ಡಿಎನ್‌ಎ ಎಂಬ ಪುಸ್ತಕ ಕೈಯಲ್ಲಿತ್ತು, ಅರ್ಥ ಮಾತ್ರ ಆಗಿರಲಿಲ್ಲ. ಅರ್ಥವಾಗಬೇಕಾದರೆ ಫ್ಯೂಸ್ ಕೀಳಬೇಕು.

ಬಾಗಿಲು ತೆರೆಯದ ಮನೆ

ಇಲ್ಲಿಯೇ ತೊಡಕು. ಪ್ರಯೋಗಾಲಯಗಳ ಮುದ್ದಿನ ಬ್ಯಾಕ್ಟೀರಿಯಾ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಇಂದು ಸಂಜೆ ಬಿತ್ತಿದರೆ ನಾಳೆ ಬೆಳಿಗ್ಗೆ ತಟ್ಟೆಯ ಮೇಲೆ ಚುಕ್ಕೆಗಳು ಕಾಣುತ್ತವೆ. ಕ್ಸೈಲೆಲ್ಲಾದ ಚುಕ್ಕೆ ಕಾಣಲು ಒಂದು ವಾರಕ್ಕಿಂತ ಹೆಚ್ಚು, ಕೆಲವೊಮ್ಮೆ ಎರಡು ವಾರ ಬೇಕು. ಅದನ್ನು ಬಳ್ಳಿಗೆ ಚುಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕು. ಒಂದು ಪ್ರಯೋಗ ಕೆಟ್ಟರೆ ವಿದ್ಯಾರ್ಥಿಯ ಅರ್ಧ ವರ್ಷ ಹೋದಂತೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ವಂಶವಾಹಿಯನ್ನು ಕೆಡಿಸಬೇಕಾದರೆ ಹೊರಗಿನ ಡಿಎನ್‌ಎ ತುಣುಕೊಂದನ್ನು ಜೀವಕೋಶದ ಒಳಗೆ ಸೇರಿಸಿ ಆ ವಂಶವಾಹಿಯ ನಡುವೆ ತುರುಕಬೇಕು. ಆದರೆ ಬ್ಯಾಕ್ಟೀರಿಯಾಗಳಿಗೆ ತಮ್ಮದೇ ಕಾವಲುಗಾರರಿದ್ದಾರೆ. ‘ರೆಸ್ಟ್ರಿಕ್ಷನ್ ಕಿಣ್ವ’ಗಳೆಂದು ಅವುಗಳ ಹೆಸರು. ಇವುಗಳ ಶೋಧಕ್ಕಾಗಿ 1978ರಲ್ಲಿ ಆರ್ಬರ್, ನೇಥನ್ಸ್ ಮತ್ತು ಸ್ಮಿತ್ ಅವರಿಗೆ ನೊಬೆಲ್ ಬಹುಮಾನ ಬಂತು. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಕೆಲವು ಜಾಗಗಳಲ್ಲಿ ಮೆಥೈಲ್ ಗುಂಪು ಎಂಬ ಸಣ್ಣ ಮುದ್ರೆ ಒತ್ತಿಕೊಂಡಿರುತ್ತದೆ. ಮುದ್ರೆ ಇದ್ದರೆ ಅದು ಮನೆಯದು. ಇಲ್ಲದಿದ್ದರೆ ಕಳ್ಳನೆಂದು ತಿಳಿದು ಕಾವಲುಗಾರ ಕಿಣ್ವ ಅದನ್ನು ತುಂಡು ತುಂಡು ಮಾಡುತ್ತದೆ. ಕ್ಸೈಲೆಲ್ಲಾದ ಕಾವಲು ಬಲು ಬಿಗಿ.

2001ರಲ್ಲಿ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರೂಸ್ ಕರ್ಕ್‌ಪ್ಯಾಟ್ರಿಕ್ ಅವರ ತಂಡ ಈ ಕಾವಲನ್ನು ದಾಟಲು ಉಪಾಯ ಮಾಡಿತು. ಅದಕ್ಕೆ ನೆರವಾದದ್ದು ‘ಜಿಗಿಯುವ ವಂಶವಾಹಿ’. ಡಿಎನ್‌ಎಯ ಕೆಲವು ತುಣುಕುಗಳು ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ ಹಾರಿ ಕೂರಬಲ್ಲವು ಎಂಬುದನ್ನು ಮುಸುಕಿನ ಜೋಳದಲ್ಲಿ ಮೊದಲು ಕಂಡವರು ಬಾರ್ಬರಾ ಮೆಕ್ಲಿಂಟಾಕ್. ಜನ ಅವರ ಮಾತನ್ನು ಬಹುಕಾಲ ನಂಬಲಿಲ್ಲ. ಕೊನೆಗೆ 1983ರಲ್ಲಿ, ಅವರ 81ನೆಯ ವಯಸ್ಸಿನಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯಾಗಳಲ್ಲಿಯೂ ಅಂಥ ತುಣುಕುಗಳಿವೆ. ಟಿಎನ್5 ಅವುಗಳಲ್ಲಿ ಒಂದು.

ಉಪಾಯ ಹೀಗಿದೆ. ಟಿಎನ್5 ತುಣುಕಿಗೆ ಅದನ್ನು ಜಿಗಿಸುವ ಕಿಣ್ವವನ್ನು ಪ್ರನಾಳದಲ್ಲಿಯೇ ಅಂಟಿಸಿಡುತ್ತಾರೆ. ಆ ಕಿಣ್ವ ಕೆಲಸ ಮಾಡಲು ಮೆಗ್ನೀಸಿಯಂ ಬೇಕು. ಪ್ರನಾಳದಲ್ಲಿ ಅದನ್ನು ಹಾಕಿರುವುದಿಲ್ಲ. ಹಾಗಾಗಿ ಜೋಡಿ ಬಾಣ ಹೂಡಿದ ಬಿಲ್ಲಿನಂತೆ ಸುಮ್ಮನೆ ಕಾಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಒಂದು ಸೆಕೆಂಡಿನ ಸಣ್ಣ ಅಂಶದಷ್ಟು ಹೊತ್ತು ಭಾರಿ ವಿದ್ಯುತ್ ಆಘಾತ ಕೊಟ್ಟರೆ ಅವುಗಳ ಪೊರೆಯಲ್ಲಿ ರಂಧ್ರಗಳು ಬಾಯಿ ಬಿಡುತ್ತವೆ. ಜೋಡಿ ಒಳನುಗ್ಗುತ್ತದೆ. ಜೀವಕೋಶದೊಳಗೆ ಮೆಗ್ನೀಸಿಯಂ ಇದೆ. ಕಿಣ್ವ ತಕ್ಷಣ ಎಚ್ಚೆತ್ತು ತುಣುಕನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಹೊಲಿದುಬಿಡುತ್ತದೆ.

ತುಣುಕು ಎಲ್ಲಿ ಕೂರುತ್ತದೆ ಎಂಬುದು ಅದೃಷ್ಟದ ಆಟ. ಯಾವ ವಂಶವಾಹಿಯ ನಡುವೆ ಕೂತಿತೋ ಅದು ಕೆಟ್ಟಿತು. ತುಣುಕಿನ ಜೊತೆಗೆ ಕೆನಮೈಸಿನ್ ಎಂಬ ಔಷಧವನ್ನು ತಡೆದುಕೊಳ್ಳುವ ಶಕ್ತಿಯನ್ನೂ ಕಟ್ಟಿ ಕಳುಹಿಸಿರುತ್ತಾರೆ. ಆದ್ದರಿಂದ ಕೆನಮೈಸಿನ್ ಬೆರೆಸಿದ ತಟ್ಟೆಯಲ್ಲಿ ತುಣುಕು ಸೇರಿದ ಬ್ಯಾಕ್ಟೀರಿಯಾ ಮಾತ್ರ ಬದುಕುತ್ತದೆ, ಉಳಿದವು ಸಾಯುತ್ತವೆ. ಬದುಕಿದ ಒಂದೊಂದು ಚುಕ್ಕೆಯೂ ಒಂದೊಂದು ಫ್ಯೂಸ್ ಕಿತ್ತ ಮನೆ!

ಖಾಲಿ ನಿವೇಶನ ಮತ್ತು ಕಳ್ಳ ಮುದ್ರೆ

ಕಿತ್ತದ್ದಾಯಿತು, ಮತ್ತೆ ಹಾಕುವುದು? ಸಾಮಾನ್ಯವಾಗಿ ಒಳ್ಳೆಯ ವಂಶವಾಹಿಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿಟ್ಟು ಬ್ಯಾಕ್ಟೀರಿಯಾಕ್ಕೆ ಕೊಡುತ್ತಾರೆ. ತಟ್ಟೆಯಲ್ಲಿ ಔಷಧ ಹಾಕಿ ಹೆದರಿಸಿದರೆ ಬ್ಯಾಕ್ಟೀರಿಯಾ ಉಂಗುರವನ್ನು ಉಳಿಸಿಕೊಳ್ಳುತ್ತದೆ. ಬಳ್ಳಿಯೊಳಗೆ ಹೋದ ಮೇಲೆ ಹೆದರಿಸುವವರು ಯಾರೂ ಇಲ್ಲ. ಅನವಶ್ಯಕ ಹೊರೆ ಎಂದು ಅದನ್ನು ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಾದ ಪ್ರಯೋಗ ವ್ಯರ್ಥ.

2009ರಲ್ಲಿ ಡೇವಿಸ್‌ನ ಮಿಶೆಲ್ ಈಗೊ ಮತ್ತು ಸಂಗಡಿಗರು ಇದಕ್ಕೆ ಪರಿಹಾರ ಕೊಟ್ಟರು. ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ಯಾವ ವಂಶವಾಹಿಗೂ ತೊಂದರೆಯಾಗದ ಜಾಗವೊಂದನ್ನು ಅವರು ಹುಡುಕಿದರು. ಬಡಾವಣೆಯ ಖಾಲಿ ಸೈಟಿನಂತೆ! ಮರಳಿಸಬೇಕಾದ ವಂಶವಾಹಿಯನ್ನು ಅಲ್ಲಿ ಸೇರಿಸಿದರೆ ಅದು ವರ್ಣತಂತುವಿನ ಭಾಗವೇ ಆಗಿ, ಔಷಧದ ಹೆದರಿಕೆ ಇಲ್ಲದೆಯೂ ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ. ಮರುವರ್ಷ ಅದೇ ಪ್ರಯೋಗಾಲಯದಿಂದ ಕಾವಲುಗಾರ ಕಿಣ್ವಗಳ ಬಗೆಗೂ ವರದಿ ಬಂತು. ಕ್ಸೈಲೆಲ್ಲಾದ ಮುದ್ರೆ ಒತ್ತುವ ಕಿಣ್ವವನ್ನು ಇ. ಕೋಲೈಗೆ ಕೊಟ್ಟು, ಡಿಎನ್‌ಎಯನ್ನು ಅಲ್ಲಿ ಬೆಳೆಸಿ, ಮುದ್ರೆ ಬಿದ್ದ ಮೇಲೆ ಕ್ಸೈಲೆಲ್ಲಾಕ್ಕೆ ಸೇರಿಸಿದರೆ ಆ ಕಾವಲು ಮೋಸ ಹೋಗುತ್ತದೆ.

2011ರಲ್ಲಿ ಇನ್ನೊಂದು ಸ್ವಾರಸ್ಯ ಹೊರಬಿತ್ತು. ಬರ್ಕ್ಲಿಯ ಸ್ಟೆಫಾನಿ ಕುಂಗ್ ಮತ್ತು ರೊಡ್ರಿಗೊ ಅಲ್ಮೇಡ ಕಂಡುಕೊಂಡಂತೆ, ಕೆಲವು ಸನ್ನಿವೇಶಗಳಲ್ಲಿ ಕ್ಸೈಲೆಲ್ಲಾ ತಾನಾಗಿಯೇ ಸುತ್ತಲಿನ ಡಿಎನ್‌ಎಯನ್ನು ಒಳಗೆಳೆದುಕೊಂಡು ತನ್ನದಕ್ಕೆ ಸೇರಿಸಿಕೊಳ್ಳುತ್ತದೆ. ಮುಂಬಾಗಿಲು ಒಡೆಯಲು ಇಷ್ಟೆಲ್ಲ ಹೆಣಗಿದವರಿಗೆ ಹಿತ್ತಲ ಬಾಗಿಲು ತೆರೆದೇ ಇದೆ ಎಂದು ತಿಳಿದಂತಾಯಿತು! ಇದು ಎರಡಲಗಿನ ಕತ್ತಿ. ಪ್ರಯೋಗಾಲಯಕ್ಕೆ ಅನುಕೂಲ ನಿಜ. ಆದರೆ ಪ್ರಕೃತಿಯಲ್ಲಿ ಬೇರೆ ಬೇರೆ ತಳಿಗಳು ವಂಶವಾಹಿಗಳನ್ನು ಕೊಟ್ಟು ತೆಗೆದುಕೊಂಡರೆ ಹೊಸ ಗಿಡಗಳಿಗೂ ರೋಗ ಹಬ್ಬಬಹುದು.

ದೀಪ ಆರಿದಾಗ ಕಂಡದ್ದು

ಇಷ್ಟು ಉಪಕರಣಗಳಿಂದ ತಿಳಿದದ್ದೇನು? ಒಂದೊಂದಾಗಿ ನೋಡೋಣ.

ಬಳ್ಳಿಯ ಒಂದು ಕ್ಸೈಲಂ ಕೊಳವೆಗೂ ಪಕ್ಕದ ಕೊಳವೆಗೂ ನಡುವೆ ಸಣ್ಣ ಕಿಟಕಿಗಳಿವೆ. ಅವಕ್ಕೆ ತೆಳುವಾದ ಪೊರೆಯ ಪರದೆ. ನೀರು ನುಸುಳುತ್ತದೆ, ಬ್ಯಾಕ್ಟೀರಿಯಾ ನುಸುಳಲಾರದು. ಹಾಗಿದ್ದರೆ ಚುಚ್ಚಿದ ಜಾಗದಿಂದ ರೋಗಾಣು ಬಳ್ಳಿಯೆಲ್ಲ ಹಬ್ಬುವುದು ಹೇಗೆ? ಪೊರೆಯಲ್ಲಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುವ ಕಿಣ್ವದ ಮೇಲೆ ಅನುಮಾನವಿತ್ತು. 2007ರಲ್ಲಿ ಕ್ಯಾರೊಲಿನ್ ರೋಪರ್ ಮತ್ತು ಸಂಗಡಿಗರು ಆ ಕಿಣ್ವದ ವಂಶವಾಹಿಯನ್ನು ಕೆಡಿಸಿದ ತಳಿಯನ್ನು ಬಳ್ಳಿಗೆ ಚುಚ್ಚಿದರು. ಬ್ಯಾಕ್ಟೀರಿಯಾ ಚುಚ್ಚಿದ ಜಾಗ ಬಿಟ್ಟು ಹೊರಡಲಾಗದೆ ಅಲ್ಲಿಯೇ ಉಳಿಯಿತು. ಬಳ್ಳಿಗೆ ರೋಗ ಬರಲಿಲ್ಲ. ಪರದೆ ಹರಿಯುವ ಕತ್ತರಿ ಯಾವುದೆಂದು ಖಚಿತವಾಯಿತು.

ಎರಡನೆಯ ಒಗಟು: ಕೊಳವೆಯಲ್ಲಿ ನೀರು ಬೇರಿನಿಂದ ಎಲೆಯ ಕಡೆಗೆ ಹರಿಯುತ್ತದೆ. ಬ್ಯಾಕ್ಟೀರಿಯಾ ಮಾತ್ರ ಪ್ರವಾಹಕ್ಕೆ ಎದುರಾಗಿ ಕೆಳಗೂ ಇಳಿಯುತ್ತದೆ. ಅದಕ್ಕೆ ಈಜಲು ಬಾಲವಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2005ರಲ್ಲಿ ಕೃತಕ ಕಿರುನಾಳಗಳಲ್ಲಿ ಇದನ್ನು ನೋಡಿದರು. ಬ್ಯಾಕ್ಟೀರಿಯಾದ ತುದಿಯಲ್ಲಿ ಉದ್ದನೆಯ ಎಳೆಗಳಿವೆ. ಎಳೆಯನ್ನು ಮುಂದೆ ಚಾಚಿ ಗೋಡೆಗೆ ಅಂಟಿಸಿ, ಬಾವಿಯಿಂದ ಹಗ್ಗ ಸೇದುವಂತೆ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ನೀರು ನಿಮಿಷಕ್ಕೆ 20,000 ಮೈಕ್ರಾನ್, ಅಂದರೆ 2 ಸೆಂಟಿಮೀಟರ್ ವೇಗದಲ್ಲಿ ಎದುರು ಹರಿಯುತ್ತಿದ್ದರೂ ಇದು ನಿಮಿಷಕ್ಕೆ 5 ಮೈಕ್ರಾನ್‌ವರೆಗೆ ಮುಂದೆ ಸಾಗುತ್ತದೆ. ಉದ್ದನೆಯ ಎಳೆಗಳಿಗೆ ಬೇಕಾದ ವಂಶವಾಹಿ ಕೆಟ್ಟ ತಳಿಗೆ ಈ ನಡಿಗೆ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಅನಿರೀಕ್ಷಿತ. ಬ್ಯಾಕ್ಟೀರಿಯಾಗಳು ಕೊಬ್ಬಿನಾಮ್ಲದಂಥ ಒಂದು ರಾಸಾಯನಿಕ ಸಂಕೇತವನ್ನು ಹೊರಸೂಸುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಸಂಕೇತ ದಟ್ಟವಾಗುತ್ತದೆ. ‘ನಾವು ಬಹಳ ಮಂದಿ ಆಗಿದ್ದೇವೆ’ ಎಂಬುದು ಅದರ ಅರ್ಥ. 2004ರಲ್ಲಿ ಬರ್ಕ್ಲಿಯ ಸ್ಟೀವನ್ ಲಿಂಡೋ ಅವರ ತಂಡ ಈ ಸಂಕೇತ ತಯಾರಿಸುವ ವಂಶವಾಹಿಯನ್ನು ಕೆಡಿಸಿದ ತಳಿಯನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಮಾತಿಲ್ಲದ ಸೈನ್ಯ ಸೋಲಬೇಕು, ರೋಗ ತಗ್ಗಬೇಕು ಎಂದು ಯಾರಿಗಾದರೂ ತೋರುತ್ತದೆ. ಆದದ್ದು ತದ್ವಿರುದ್ಧ. ಬಳ್ಳಿಗೆ ರೋಗ ಮೊದಲಿಗಿಂತ ಭೀಕರವಾಗಿ ಬಂತು! ಆದರೆ ಜಿಗಿಹುಳು ಮಾತ್ರ ಆ ತಳಿಯನ್ನು ಬೇರೆ ಬಳ್ಳಿಗೆ ದಾಟಿಸಲಾರದೆ ಹೋಯಿತು.

ಕರ್ಕ್‌ಪ್ಯಾಟ್ರಿಕ್ ತಂಡವೂ ತನ್ನ ಜಿಗಿಯುವ ತುಣುಕಿನಿಂದ ಕೆಡಿಸಿದ ತಳಿಗಳಲ್ಲಿ ಇಂಥದ್ದನ್ನೇ ಕಂಡು 2005ರಲ್ಲಿ ಪ್ರಕಟಿಸಿತು. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಳ್ಳಲು ನೆರವಾಗುವ ಪ್ರೋಟೀನು ಕೆಟ್ಟರೆ ರೋಗ ಹೆಚ್ಚುತ್ತದೆ.

ಇದರ ಅರ್ಥವೇನು? ಬಳ್ಳಿಯನ್ನು ಕೊಲ್ಲುವುದು ಕ್ಸೈಲೆಲ್ಲಾಕ್ಕೆ ಲಾಭವಲ್ಲ. ಬಳ್ಳಿ ಸತ್ತರೆ ಮನೆಯೇ ಹೋಯಿತು. ಅದಕ್ಕೆ ಬೇಕಾದದ್ದು ಜಿಗಿಹುಳುವಿನ ಬಾಯಿ ಸೇರಿ ಮುಂದಿನ ಗಿಡಕ್ಕೆ ಹೋಗುವುದು. ಆದ್ದರಿಂದ ಸಂಖ್ಯೆ ಹೆಚ್ಚಿದಾಗ ಸಂಕೇತ ಕೊಟ್ಟುಕೊಂಡು, ಓಡಾಟ ನಿಲ್ಲಿಸಿ, ಅಂಟಂಟಾಗಿ ಗುಂಪುಗೂಡುತ್ತದೆ. ಅಂಟಾದರೆ ಹುಳುವಿನ ಬಾಯಿಯಲ್ಲಿ ನಿಲ್ಲಬಲ್ಲದು. ಸಂಕೇತ ಕೆಟ್ಟ ತಳಿಗೆ ಈ ಲಗಾಮು ಇಲ್ಲ. ಅದು ಹರಡುತ್ತಲೇ ಹೋಗಿ ಕೊಳವೆಗಳನ್ನೆಲ್ಲ ಮುಚ್ಚಿಹಾಕುತ್ತದೆ.

ಇದಕ್ಕೆ ಪೂರಕವಾದ ಸಾಕ್ಷಿಯನ್ನು ಲಿಂಡೋ ಅವರ ತಂಡ 2003ರಲ್ಲಿ ಕೊಟ್ಟಿತ್ತು. ಜೆಲ್ಲಿ ಮೀನಿನಿಂದ ಪಡೆದ, ಹಸಿರಾಗಿ ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನು ಕ್ಸೈಲೆಲ್ಲಾಕ್ಕೆ ಸೇರಿಸಿ ಬಳ್ಳಿಯೊಳಗೆ ನೋಡಿದಾಗ, ಬಹಳಷ್ಟು ಕೊಳವೆಗಳಲ್ಲಿ ಕೆಲವೇ ಕೆಲವು ಹಸಿರು ಚುಕ್ಕೆಗಳಿದ್ದವು. ಪೂರ್ತಿ ಮುಚ್ಚಿಹೋದ ಕೊಳವೆಗಳು ವಿರಳ. ರೋಗಾಣು ತಾನೇ ಸಂಯಮ ಕಾಯ್ದುಕೊಳ್ಳುತ್ತದೆ ಎಂಬ ಸಂಗತಿ ಡಿಎನ್‌ಎಯನ್ನು ಬರಿದೆ ಓದಿದರೆ ಎಂದಿಗೂ ತಿಳಿಯುತ್ತಿರಲಿಲ್ಲ. ಫ್ಯೂಸ್ ಕಿತ್ತಾಗ ದೀಪ ಆರುವ ಬದಲು ಇನ್ನಷ್ಟು ಪ್ರಖರವಾಗಿ ಉರಿದದ್ದರಿಂದ ತಿಳಿಯಿತು.

ಮುಳ್ಳಿನಿಂದ ಮುಳ್ಳು

ರೈತನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸಂಕೇತ ದಟ್ಟವಾದರೆ ರೋಗಾಣು ನಿಧಾನಿಸುತ್ತದೆ ಎಂದಾದರೆ, ಆ ಸಂಕೇತವನ್ನು ಬಳ್ಳಿಯೇ ತಯಾರಿಸಿದರೆ? ಗುಂಪು ಸಣ್ಣದಿರುವಾಗಲೇ ‘ಬಹಳ ಮಂದಿ ಆಗಿದ್ದೇವೆ’ ಎಂದು ರೋಗಾಣು ಭ್ರಮಿಸಬೇಕು. ಲಿಂಡೋ ತಂಡ ಸಂಕೇತ ತಯಾರಿಸುವ ವಂಶವಾಹಿಯನ್ನು ದ್ರಾಕ್ಷಿಗೇ ಸೇರಿಸಿತು. ಪ್ರಯೋಗದ ಬಳ್ಳಿಗಳಲ್ಲಿ ರೋಗದ ತೀವ್ರತೆ ತಗ್ಗಿತೆಂದು 2014ರಲ್ಲಿ ವರದಿಯಾಯಿತು.

ಸಸ್ಯಗಳಿಗೆ ಹೀಗೆ ವಂಶವಾಹಿ ಸಾಗಿಸಲು ಸಾಮಾನ್ಯವಾಗಿ ಬಳಸುವ ಬಂಡಿ ಯಾವುದು ಗೊತ್ತೇ? ಆಗ್ರೊಬ್ಯಾಕ್ಟೀರಿಯಂ. ಅದೂ ರೋಗಾಣುವೇ. ಅದರ ಹತ್ತಿರದ ಸಂಬಂಧಿಯೊಂದು ದ್ರಾಕ್ಷಿ ಬಳ್ಳಿಯ ಕಾಂಡದಲ್ಲಿ ಗಂಟು ಬರಿಸುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದೆಂದರೆ ಇದು.

ಬಳ್ಳಿಯ ಕಡೆಯಿಂದಲೂ ಕೆಲಸ ನಡೆಯಿತು. ಡೇವಿಸ್‌ನ ಆಂಡ್ರ್ಯೂ ವಾಕರ್ ಮೆಕ್ಸಿಕೊದ ಕಾಡು ದ್ರಾಕ್ಷಿಯೊಂದರಲ್ಲಿದ್ದ ರೋಗನಿರೋಧಕ ಗುಣವನ್ನು ಒಳ್ಳೆಯ ದ್ರಾಕ್ಷಿಗೆ ಅಡ್ಡತಳಿ ಮಾಡಿ ತಂದರು. ಸಸಿ ಚಿಕ್ಕದಿರುವಾಗಲೇ ಎಲೆಯ ಡಿಎನ್‌ಎ ಪರೀಕ್ಷಿಸಿ, ಗುಣ ಬಂದಿದೆಯೇ ಎಂದು ನೋಡಿ, ಇಲ್ಲದ್ದನ್ನು ಕಿತ್ತೆಸೆಯುವುದರಿಂದ ವರ್ಷಗಟ್ಟಲೆ ಕಾಯುವುದು ತಪ್ಪಿತು. 2019ರಲ್ಲಿ ಅಂಥ ಐದು ಹೊಸ ತಳಿಗಳು ಬೆಳೆಗಾರರ ಕೈ ಸೇರಿದವು.

ರೋಗ ಮುಗಿಯಿತೆಂದು ಇದರ ಅರ್ಥವಲ್ಲ. ಕ್ಯಾಲಿಫೋರ್ನಿಯಾಕ್ಕೆ ಪಿಯರ್ಸ್ ರೋಗದಿಂದ ವರ್ಷಕ್ಕೆ ಸುಮಾರು 10.4 ಕೋಟಿ ಡಾಲರ್ ಹೊರೆ ಬೀಳುತ್ತದೆಂದು 2014ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. 2013ರಲ್ಲಿ ಇಟಲಿಯ ದಕ್ಷಿಣ ತುದಿಯ ಆಲಿವ್ ಮರಗಳಲ್ಲಿ ಇದೇ ಕ್ಸೈಲೆಲ್ಲಾ ಪತ್ತೆಯಾಯಿತು. ಶತಮಾನಗಳ ಹಳೆಯ ಮರಗಳು ಅಲ್ಲಿ ಒಣಗಿದವು. ಆದರೆ ಇಟಲಿಯ ವಿಜ್ಞಾನಿಗಳು ಪಿಯರ್ಸ್ ಅವರಂತೆ ಬರಿಗೈಯಲ್ಲಿ ಕತ್ತಲೆಯಲ್ಲಿ ತಡಕಾಡಬೇಕಾಗಲಿಲ್ಲ. ರೋಗಾಣುವಿನ ಹೆಸರು, ಡಿಎನ್‌ಎ, ಅದನ್ನು ಕೆಡಿಸಿ ನೋಡುವ ಉಪಕರಣಗಳು ಎಲ್ಲವೂ ಅವರಿಗೆ ಸಿದ್ಧವಾಗಿ ಸಿಕ್ಕಿದವು.

ನಮ್ಮ ತೋಟದ ದಾಯಾದಿ

ನಮ್ಮ ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರಗಳ ದ್ರಾಕ್ಷಿ ಬೆಳೆಗಾರರಿಗೆ ಬೇರೆ ಶತ್ರುಗಳಿವೆ. ಹೆಚ್ಚಿನವು ಶಿಲೀಂಧ್ರಗಳು. ಆದರೆ ಭಾರತದ ದ್ರಾಕ್ಷಿಗೂ ಬ್ಯಾಕ್ಟೀರಿಯಾದ ಕಾಟ ಉಂಟು. 1972ರಲ್ಲಿ ಭಾರತದ ವಿಜ್ಞಾನಿ ನಾಯುಡು ಅವರು ಅದನ್ನು ಮೊದಲು ವರ್ಣಿಸಿದರು. ಎಲೆಯಲ್ಲಿ ಕೋನಾಕಾರದ ಕಂದು ಚುಕ್ಕೆ, ಕಾಂಡ ಮತ್ತು ತೊಟ್ಟುಗಳಲ್ಲಿ ಸೀಳಿದ ಹುಣ್ಣು ಅದರ ಲಕ್ಷಣ. ಕರ್ನಾಟಕ, ಮಹಾರಾಷ್ಟ್ರಗಳಲ್ಲೂ ಅದು ಕಂಡುಬಂದಿದೆ. ಈ ರೋಗಾಣುವಿನ ಕುಲ ಕ್ಸಾಂತೊಮೊನಾಸ್. ಅದು ಕ್ಸೈಲೆಲ್ಲಾದ ದಾಯಾದಿ, ಎರಡೂ ಒಂದೇ ಕುಟುಂಬದವು. ಇದು ಮಳೆಹನಿಯ ಸಿಡಿತದಿಂದ, ಕತ್ತರಿಸುವ ಚಾಕುವಿನಿಂದ, ರೋಗದ ಕಡ್ಡಿ ನೆಡುವುದರಿಂದ ಹರಡುತ್ತದೆ. ತಟ್ಟೆಯಲ್ಲಿ ಎರಡು ಮೂರು ದಿನಗಳಲ್ಲೇ ಬೆಳೆಯುವ ಈ ಜೀವಿಯ ಮೇಲೆ ಕೆಲಸ ಮಾಡುವುದು ಕ್ಸೈಲೆಲ್ಲಾಕ್ಕಿಂತ ಸುಲಭ. ಇಂದು ಒಂಬತ್ತು, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ರೈತರ ಮಕ್ಕಳಿಗೆ ಮಾಡಲು ಅಲ್ಲಿ ಬೇಕಾದಷ್ಟು ಕೆಲಸವಿದೆ.

ಮನೆಯ ಗಡಿಯಾರವನ್ನೋ ರೇಡಿಯೋವನ್ನೋ ಬಿಚ್ಚಿ ಹರಡಿಕೊಂಡು ಕೂತ ಹುಡುಗ ಹುಡುಗಿಯರಿಗೆ ಬೈಗುಳ ತಪ್ಪಿದ್ದಲ್ಲ. ಬೈಯುವ ಮುನ್ನ ತಂದೆತಾಯಿಗಳು ಒಂದು ವಿಷಯ ಗಮನಿಸಬೇಕು. ಮಗು ಒಂದು ಸಲಕ್ಕೆ ಒಂದೇ ತಿರುಪು ಬಿಚ್ಚುತ್ತಿದೆಯೇ? ಬಿಚ್ಚಿದ ಮೇಲೆ ಏನು ನಿಂತಿತೆಂದು ನೋಡುತ್ತಿದೆಯೇ? ಮತ್ತೆ ಜೋಡಿಸಿ ಪರೀಕ್ಷಿಸುತ್ತಿದೆಯೇ? ಹೌದಾದರೆ ಗಡಿಯಾರ ಹೋದರೂ ನಷ್ಟವೇನಿಲ್ಲ. ಕ್ಯಾಲಿಫೋರ್ನಿಯಾದ ಬೆಳೆಗಾರರು ತಮ್ಮ ಬೆಳೆಯ ಹಣ ಕೊಟ್ಟು ಮಾಡಿಸಿದ್ದು ಇದೇ ಕೆಲಸವನ್ನು.